ಗ್ಯಾಲಕ್ಸಿಗೆ ಬಳಿದ ಮಸಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೊಳಕಾಲ್ಮೂರಿನಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ವಿಜ್ಞಾನಿಯಾಗಲಾಗದ ಸಂಕಟಕ್ಕೆ ಒಂದು ದೂರದರ್ಶಕ ಕಟ್ಟಿಕೊಂಡಿದ್ದೆ. ಕೊಳವೆ ವೆಲ್ಡಿಂಗ್ ಅಂಗಡಿಯದು, ಕನ್ನಡಿ ಎರಡು ಬೇಸಿಗೆ ರಜೆ ಕೂತು ನಾನೇ ಗಾಜು ತಿಕ್ಕಿ ಮಾಡಿದ್ದು. ಅದರಲ್ಲಿ ಸುರುಳಿ ಗ್ಯಾಲಕ್ಸಿಯೊಂದರ ಫೋಟೋ ತೆಗೆದು ಜಿಲ್ಲೆಗೇ ಹೆಸರು ತರುತ್ತೇನೆಂಬ ಭ್ರಮೆ. ಆರಿಸಿಕೊಂಡದ್ದು ನಮಗೆ ಅಂಚು ಮಾತ್ರ ಕಾಣುವ ಗ್ಯಾಲಕ್ಸಿ. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಬರೀ ಗೆರೆಯಾಗುತ್ತದಲ್ಲ, ಹಾಗೆ.

ಯುಗಾದಿ ಹಿಂದಿನ ಅಮಾವಾಸ್ಯೆಯ ರಾತ್ರಿ ಹತ್ತಿರದ ಸಿದ್ದಾಪುರದ ಬಂಡೆಯ ಮೇಲೆ ದೂರದರ್ಶಕ ಹೂಡಿದೆ. ಜೊತೆಗೆ ರೇಷ್ಮೆ ಸೀರೆ ನೇಯುವ ಗೆಳೆಯ. ಅದಕ್ಕೆ ಸಿಕ್ಕಿಸಿದ ಕ್ಯಾಮೆರಾದ ಫಿಲಂ ಮೇಲೆ ಮುಕ್ಕಾಲು ಗಂಟೆ ಬೆಳಕು ಬೀಳಬೇಕು. ಭೂಮಿ ತಿರುಗುತ್ತಲೇ ಇರುವುದರಿಂದ, ಅಷ್ಟು ಹೊತ್ತೂ ಒಂದು ನಕ್ಷತ್ರವು ಗಾಜಿನ ಮೇಲಿನ ಗುರುತು ಬಿಟ್ಟು ಕದಲದಂತೆ ದೂರದರ್ಶಕದ ತಿರುಪು ತಿರುಗಿಸುತ್ತಿರಬೇಕು. ಐದೇ ನಿಮಿಷಕ್ಕೆ ಬೇಸತ್ತು ತಿರುಪನ್ನು ಗೆಳೆಯನಿಗೆ ಒಪ್ಪಿಸಿ ಕಂಬಳಿ ಹೊದ್ದೆ. ಉಳಿದ ನಲವತ್ತು ನಿಮಿಷ ಅವನೇ ಕೂತ.

“ಲೇ, ಇಷ್ಟೊತ್ತಿಗೆ ಸೆರಗಿನಾಗೆ ಒಂದು ನವಿಲಾದ್ರೂ ನೇಯ್ದಿರ್ತಿದ್ದೆ.”

“ವಿಜ್ಞಾನಕ್ಕೆ ತಾಳ್ಮೆ ಬೇಕಪ್ಪ,” ಎಂದು ಕಂಬಳಿಯೊಳಗಿಂದ ಉಪದೇಶಿಸಿದೆ.

ಫಿಲಂ ಚಳ್ಳಕೆರೆಯ ಸ್ಟುಡಿಯೋ ಒಂದಕ್ಕೆ ಕೊಟ್ಟು, ವಾರ ಬಿಟ್ಟು ಹೋದೆ. ವಧುವರರ ಮೊಡವೆ ಅಳಿಸುವುದರಲ್ಲಿ ಪಳಗಿದ್ದ ಮಾಲೀಕರು ದೊಡ್ಡ ಪ್ರಿಂಟೊಂದನ್ನು ಹೆಮ್ಮೆಯಿಂದ ಮುಂದೆ ಹಿಡಿದರು. ಅದರಲ್ಲಿ ಏನೂ ಇರಲಿಲ್ಲ. ಕಡುಕಪ್ಪು.

“ಭಾಳ ಧೂಳು ಬಿದ್ದಿತ್ರಿ, ಬರೀ ಬಿಳಿ ಚುಕ್ಕಿ. ನಡುವೆ ಉದ್ದಕ್ಕೆ ಒಂದು ಗೀರು ಬೇರೆ. ಎರಡು ದಿನ ಕೂತು ಬ್ರಷ್‌ನಾಗೆ ಕಪ್ಪು ತುಂಬಿ ಕ್ಲೀನ್ ಮಾಡೀನಿ.”

“ಆ ಗೀರೇ ಗ್ಯಾಲಕ್ಸಿ ಸ್ವಾಮಿ!”

“ಮೊದ್ಲೇ ಹೇಳಬಾರ್ದೇನ್ರಿ? ಹಂಗೇ ಬಿಡ್ತಿದ್ದೆ.”

ಪುಣ್ಯಕ್ಕೆ ನೆಗೆಟಿವ್ ಮುಟ್ಟಿರಲಿಲ್ಲ. ಡಾರ್ಕ್‌ರೂಮಿಗೆ ನುಗ್ಗಿ ನನ್ನೆದುರೇ ಇನ್ನೊಂದು ಪ್ರಿಂಟ್ ಹಾಕಿಸಿದೆ. ದ್ರಾವಣದಲ್ಲಿ ಕಾಗದ ನಿಧಾನಕ್ಕೆ ಕಪ್ಪಾಗುತ್ತಾ ಬಂತು. ಕಪ್ಪಾಗದೆ ಉಳಿದದ್ದು ಒಂದಿಷ್ಟು ಚುಕ್ಕಿ, ಮತ್ತು ನಡುವೆ ಚೂರು ಉಬ್ಬಿದ ಸೂಜಿಯಂಥ ಗೆರೆ. ಮಾಲೀಕರು ಬಗ್ಗಿ ನೋಡಿ, “ಇಷ್ಟೇನಾ?” ಎಂದರು.

ಪ್ರಿಂಟಿನ ಕೆಳಗೆ ‘ಛಾಯಾಗ್ರಹಣ’ ಎಂದು ನನ್ನ ಹೆಸರೊಂದನ್ನೇ ಬರೆದೆ. ತಿರುಪು ತಿರುಗಿಸಿದವನ ನೆನಪೇ ಆಗಲಿಲ್ಲ. ವಿಜ್ಞಾನಿಯ ಲಕ್ಷಣ ಅದೊಂದು ನನಗೆ ಸಲೀಸಾಗಿ ಬಂದಿತ್ತು. ಗೋಡೆಗೆ ತೂಗುಹಾಕಿಸಲು ಹೆಡ್‌ಮಾಸ್ಟರರ ಬಳಿ ಒಯ್ದೆ. ಅವರು ಕನ್ನಡಕ ಏರಿಸಿ, ಇಳಿಸಿ, ಫೋಟೋ ತಿರುಗಿಸಿ ನೋಡಿದರು.

“ಸುರುಳಿ ಗ್ಯಾಲಕ್ಸಿ ಅಂದ್ರಲ್ರಿ, ಸುರುಳಿ ಎಲ್ಲೈತೆ?”

“ನಮಗೆ ಅದರ ಅಂಚು ಮಾತ್ರ ಕಾಣುತ್ತೆ ಸಾರ್.”

“ಹಂಗಾದ್ರೆ ಮುಂದಿನ ಸಲ ಎದುರುಗಡೆಯಿಂದ ತೆಗೀರಿ,” ಎಂದು ವಾಪಸು ಕೊಟ್ಟರು.

“ಆಗ್ಲಿ ಸಾರ್,” ಎಂದೆ.