ಪೇಟಿಗೆ ಗಾಳಿ ಹಾಕಿದವಳು

ನನಗೆ ಹಾರ್ಮೋನಿಯಂ ಬಾರಿಸಲು ಬರುವುದಿಲ್ಲ. ಆದರೂ ಮೂರು ವರ್ಷ ನಮ್ಮ ಶಾಲೆಯ ಪ್ರಾರ್ಥನೆಗೆ ದಿನಾ ಬೆಳಿಗ್ಗೆ ಹಾರ್ಮೋನಿಯಂ ಬಾರಿಸಿದ್ದೇನೆ. ಸುಳ್ಳು ಹೇಳುತ್ತಿಲ್ಲ, ಸ್ವಲ್ಪ ಹೆಚ್ಚು ಹೇಳುತ್ತಿದ್ದೇನೆ ಅಷ್ಟೆ. ನಾನು ಬಾರಿಸಿದ್ದು ಅದರ ಹಿಂದಿನ ಅರ್ಧವನ್ನು.

ತಿರ್ಲಾಪುರದ ಕಡೆಯ ಹಳ್ಳಿ ನಮ್ಮದು. ಶಾಲೆಗೆ ಒಂದು ಹಳೆಯ ಹಾರ್ಮೋನಿಯಂ ಇತ್ತು. ನಮ್ಮ ಕಡೆ ಅದನ್ನು ಪೇಟಿ ಅನ್ನುತ್ತಾರೆ. ಊರಿನ ನಾಟಕದ ತಂಡ ಮುಚ್ಚಿಹೋದಾಗ ಯಾರೋ ಪುಣ್ಯಾತ್ಮರು ಶಾಲೆಗೆ ತಂದುಕೊಟ್ಟಿದ್ದರು. ಸ್ವರ ಚೆನ್ನಾಗಿತ್ತು, ಗಾಳಿ ತುಂಬುವ ಹಿಂದಿನ ತಿದಿ ಮಾತ್ರ ಎಷ್ಟು ಬಿಗಿಯೆಂದರೆ ಆರನೆಯ ತರಗತಿಯ ಹುಡುಗಿಯ ಒಂದು ಕೈಗೆ ಬಗ್ಗುತ್ತಿರಲಿಲ್ಲ. ಹಾಗಾಗಿ ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯೇ ಬಂದಿತ್ತು: ಒಂದು ಪೇಟಿಗೆ ಇಬ್ಬರು. ಒಬ್ಬಳು ಮುಂದೆ ಕುಳಿತು ಸ್ವರದ ಮನೆಗಳ ಮೇಲೆ ಬೆರಳು ಓಡಿಸಬೇಕು, ಇನ್ನೊಬ್ಬಳು ಎದುರಿಗೆ ಕುಳಿತು ಎರಡೂ ಕೈಯಿಂದ ಗಾಳಿ ಹಾಕಬೇಕು. ಬೆರಳು ರೇಷ್ಮಾಳದು, ಗಾಳಿ ಈ ಬಸವ್ವನದು.

ಈ ವಾದ್ಯ ಕಡಲಾಚೆಯಿಂದ ಬಂದಾಗ ಕಾಲಿನಿಂದ ಗಾಳಿ ತುಂಬುತ್ತಿದ್ದರಂತೆ. ನಮ್ಮವರು ನೆಲದ ಮೇಲೆ ಕಾಲು ಮಡಚಿ ಕುಳಿತು ಹಾಡುವ ಮಂದಿ. ಕಾಲಿನ ಕೆಲಸ ಎಡಗೈಗೆ ಬಂತು. ನಮ್ಮ ಶಾಲೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎಡಗೈಯ ಕೆಲಸವನ್ನೂ ಗೆಳತಿಗೆ ವಹಿಸಿದರು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ರೇಷ್ಮಾಳ ಅಪ್ಪ ಹತ್ತಿ ಹಿಂಜಿ ಗಾದಿ ತುಂಬುವವರು. ಕಾಯಿಯಿಂದ ಹತ್ತಿ ಬಿಡಿಸಿ ಬಿಡಿಸಿಯೇ ಅವಳ ಬೆರಳು ಅಷ್ಟು ಚುರುಕಾದವು ಎಂದು ನನ್ನ ಅಂದಾಜು. ನಾನೂ ಅಷ್ಟೇ ಹತ್ತಿ ಬಿಡಿಸಿದವಳು, ನನ್ನ ಬೆರಳು ಮಾತ್ರ ಹಾಗೆಯೇ ಉಳಿದವು. ಎದುರುಬದುರು ಕುಳಿತು ಅವಳ ಮುಖ ನೋಡುತ್ತಲೇ ನನಗೆ ಹಾಡು ಗೊತ್ತಾಗುತ್ತಿತ್ತು. ಹುಬ್ಬು ಮೇಲೆ ಹೋದರೆ ಗಾಳಿ ಜೋರು, ಕಣ್ಣು ಕೆಳಗಿಳಿದರೆ ಮೆಲ್ಲಗೆ. ಹೀಗೆ ಒಬ್ಬರ ಮುಖವನ್ನು ದಿನಾ ಹತ್ತು ನಿಮಿಷ ಓದಿದ ಮೇಲೆ ಗೆಳೆತನಕ್ಕೆ ಬೇರೆ ಏನೂ ಬೇಕಾಗುವುದಿಲ್ಲ.

ಆ ಗೆಳೆತನಕ್ಕೆ ನಾನೇ ಕಲ್ಲು ಹಾಕಿದೆ. ತಾಲೂಕಿನಿಂದ ಒಬ್ಬ ಸಾಹೇಬರು ಶಾಲೆ ನೋಡಲು ಬಂದಿದ್ದರು. ಪ್ರಾರ್ಥನೆ ಮುಗಿದ ಕೂಡಲೇ ರೇಷ್ಮಾಳ ತಲೆಯ ಮೇಲೆ ಕೈಯಿಟ್ಟು, "ಭಾರಿ ಬಾರಸ್ತೀ ಬಿಡವಾ! ಅಗದಿ ಛಲೋ!" ಅಂದರು. ಆಮೇಲೆ ನನ್ನ ಕಡೆ ತಿರುಗಿ ನಮಗೆ ಕಲಿಸುವ ಅಕ್ಕೋರನ್ನು ಕೇಳಿದರು: "ಈ ಹುಡುಗಿ ಯಾಕ್ರೀ ಅಡ್ಡ ಕುಂತಾಳ?"

ಎಲ್ಲರೂ ನಕ್ಕರು. ರೇಷ್ಮಾಳೂ ನಕ್ಕಳು. ಅವಳದು ಸಣ್ಣ ನಗೆ, ಆದರೆ ನನಗೆ ಕೇಳಿಸಿದ್ದು ಅದೊಂದೇ.

ಮರುದಿನ ಪ್ರಾರ್ಥನೆಯ ನಡುವೆ, ಎಲ್ಲರ ದನಿ ಏರುವ ಹೊತ್ತಿಗೆ ಸರಿಯಾಗಿ, ನಾನು ಎರಡೂ ಕೈ ತೆಗೆದುಬಿಟ್ಟೆ. ಪೇಟಿ ಒಮ್ಮೆ ನರಳಿ ಸುಮ್ಮನಾಯಿತು. ಹಾಡು ಮಕ್ಕಳ ಒಂದೊಂದು ಸಾಲಿನಿಂದ ಒಂದೊಂದು ಕಡೆ ಹೋಯಿತು. ರೇಷ್ಮಾ ಮಾತ್ರ ಸ್ವರವಿಲ್ಲದ ಮನೆಗಳನ್ನು ಒತ್ತುತ್ತಾ ನನ್ನ ಮುಖ ನೋಡಿದಳು. ಅವತ್ತು ಅವಳು ನನ್ನ ಮುಖ ಓದಿದಳು.

"ಏನಾತವಾ?" ಎಂದು ಅಕ್ಕೋರು ಓಡಿ ಬಂದರು.

"ಪೇಟಿ ಕೆಟ್ಟೈತ್ರಿ ಅಕ್ಕೋರ," ಅಂದಳು ರೇಷ್ಮಾ. ನನ್ನ ಹೆಸರು ಎತ್ತಲಿಲ್ಲ.

ನಮ್ಮ ಅಕ್ಕೋರು ನಂಬುವ ಹೆಂಗಸು. ಪರೀಕ್ಷೆ ಮಾಡಲೂ ಇಲ್ಲ. ಪೇಟಿಯನ್ನು ಕೌದಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿಸಿ ಹುಬ್ಬಳ್ಳಿಗೆ ರಿಪೇರಿಗೆ ಕಳಿಸಿಬಿಟ್ಟರು. ಕೈಕಾಲು ಗಟ್ಟಿಯಿದ್ದ ಪೇಟಿ ರೋಗಿಯಂತೆ ಹೊದ್ದುಕೊಂಡು ಹೊರಟದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಇಪ್ಪತ್ತು ದಿನ ಪೇಟಿಯಿಲ್ಲದ ಪ್ರಾರ್ಥನೆ ನಡೆಯಿತು. ನಾನು ರೇಷ್ಮಾಳಿಂದ ತಪ್ಪಿಸಿಕೊಂಡು ತಿರುಗಿದೆ. ಒಂದು ದಿನ ಊಟದ ಬಿಡುವಿನಲ್ಲಿ ಅವಳು ಬೆಂಚಿನ ಮೇಲೆ ಸುಣ್ಣದ ಕಡ್ಡಿಯಿಂದ ಪೇಟಿಯ ಮನೆಗಳನ್ನು ಬರೆದು, ಅದರ ಮೇಲೆ ಬೆರಳಾಡಿಸುತ್ತಾ ಕುಳಿತಿದ್ದಳು. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಕಂಡಿತು.

"ಏನ್ ನೋಡ್ತೀ ಲೇ ಬಸ್ಸಿ? ಬಾ, ಗಾಳಿ ಹಾಕ."

"ಬೆಂಚಿಗಿ ಎಲ್ಲೀ ಗಾಳಿಬೇ?"

"ನೀ ಎದುರಿಗಿ ಕುಂತಿದ್ದಿಲ್ಲಂದ್ರ ನನ್ನ ಬೆರಳ ಓಡಂಗಿಲ್ಲ. ಕುಂದರ ಸುಮ್ನ."

ಕುಳಿತೆ. ಇಲ್ಲದ ತಿದಿಯನ್ನು ಹಿಂದೆ ಮುಂದೆ ಆಡಿಸಿದೆ. ಬೆಂಚಿನಿಂದ ಒಂದು ಸ್ವರವೂ ಹೊರಡಲಿಲ್ಲ, ನನ್ನ ಕಣ್ಣಿಂದ ಮಾತ್ರ ನೀರು ಹೊರಟಿತು. "ತಪ್ಪಾತು" ಎಂಬ ಒಂದು ಮಾತು ಗಂಟಲಿನ ತನಕ ಬಂದು ಅಲ್ಲೇ ಕುಳಿತಿತು. ಅದು ಕುಳಿತಿದ್ದು ಹತ್ತು ವರ್ಷ.

ಪೇಟಿ ವಾಪಸ್ಸು ಬಂತು. ಅದಕ್ಕೆ ಏನೂ ಆಗಿಲ್ಲವೆಂದು ಹುಬ್ಬಳ್ಳಿಯ ರಿಪೇರಿಯವರು ಹೇಳಿ ಕಳಿಸಿದ್ದರು. ಅಕ್ಕೋರು ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. "ರಿಪೇರಿ ಆಗೇತಿ," ಅಂದರು. "ಇವತ್ತ ಬಸವ್ವ ಬೆರಳ ಇಡ್ಲಿ, ರೇಷ್ಮಾ ಗಾಳಿ ಹಾಕ್ಲಿ."

ನನಗೆ ಬರುತ್ತಿದ್ದುದು ಮೂರು ಸ್ವರ. ಒಂದರಿಂದ ಇನ್ನೊಂದಕ್ಕೆ ಹೋಗಲು ನನ್ನ ಬೆರಳಿಗೆ ಹೊಲದ ಬದು ದಾಟಿದಷ್ಟು ಹೊತ್ತು ಬೇಕಿತ್ತು. ರೇಷ್ಮಾ ಅಷ್ಟೂ ಹೊತ್ತು ಗಾಳಿ ಕಡಿಮೆ ಮಾಡದೆ ಕಾಯ್ದಳು. ಹಾಡು ಕೆಟ್ಟಿತು, ಗಾಳಿ ಎಲ್ಲೂ ನಿಲ್ಲಲಿಲ್ಲ.

ಆಮೇಲೆ ಅವಳು ಹತ್ತನೆಯ ತರಗತಿಗೆ ಶಾಲೆ ಬಿಟ್ಟಳು, ಮದುವೆಯಾಗಿ ಸಂಶಿಗೆ ಹೋದಳು. ನಾನು ಬಸ್ಸಿನಲ್ಲಿ ನಿಂತೇ ಕಾಲೇಜು ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳುವಾಗ ದನಿ ತಗ್ಗಿಸುವ ಅಭ್ಯಾಸ ನನಗಿಲ್ಲ. ಬಾಡಿಗೆಯ ಕರಿ ಗೌನು ಹಾಕಿಕೊಂಡು ಅವ್ವನ ಜೊತೆ ನವಲಗುಂದದ ಸ್ಟುಡಿಯೋಕ್ಕೆ ಫೋಟೋ ತೆಗೆಸಲು ಹೋದೆ. ಅವ್ವ ಗೌನಿನ ನೆರಿಗೆ ಸರಿಮಾಡುತ್ತಾ ನನ್ನ ಮುಂದೆ ನಿಂತಿದ್ದಳು.

"ಅವ್ವಾರ, ಅಡ್ಡ ಬಂದೀರಿ. ಬಾಜೂಕ ಸರೀರಿ ಸ್ವಲ್ಪ," ಅಂದ ಫೋಟೋದವನು.

ಅವ್ವ ತಪ್ಪು ಮಾಡಿದವಳಂತೆ ಗೋಡೆಗೆ ಸರಿದಳು. ಕಂಡವರ ಹೊಲದಲ್ಲಿ ಕಳೆ ತೆಗೆದು ಹದಿನೈದು ವರ್ಷ ನನಗೆ ಗಾಳಿ ಹಾಕಿದವಳು! ಅವಳ ಕೈ ಹಿಡಿದು ಎಳೆದು ಬಾಜೂಕೇ ನಿಲ್ಲಿಸಿಕೊಂಡೆ. ಫೋಟೋದಲ್ಲಿ ಅವ್ವ ಕಣ್ಣು ಮುಚ್ಚಿದ್ದಾಳೆ, ನಾನು ಸಿಟ್ಟಿನಲ್ಲಿದ್ದೇನೆ. ಅದಕ್ಕಿಂತ ಒಳ್ಳೆಯ ಫೋಟೋ ನಮ್ಮ ಮನೆಯಲ್ಲಿಲ್ಲ.

ಮುಂದಿನ ಭಾನುವಾರ ಸಂಶಿಯ ಬಸ್ಸು ಹತ್ತಿದೆ. ರೇಷ್ಮಾ ಈಗ ಅಲ್ಲಿಯ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಮನೆಯಲ್ಲಿ ಹೊಸ ಪೇಟಿ ಇತ್ತು. ಅದರ ತಿದಿ ಬೆರಳು ತಾಗಿದರೆ ಸಾಕು, ಆಡುತ್ತಿತ್ತು. ಚಹಾ ಕುಡಿದದ್ದಾಯಿತು, ಊರ ಸುದ್ದಿ ಮುಗಿಯಿತು. ನಾನು ಲೋಟ ಕೆಳಗಿಟ್ಟು ಶುರು ಮಾಡಿದೆ: "ರೇಷ್ಮಾ, ಅವತ್ತ ಪೇಟಿ ಕೆಟ್ಟಿದ್ದಿಲ್ಲ. ನಾನ..."

"ಗೊತ್ತೈತಿ ಬಿಡ. ಅವತ್ತ ನಾನೂ ನಗಬಾರದಿತ್ತ," ಅಂದಳು. ಹೌದಲ್ಲ, ಅವಳ ಗಂಟಲಲ್ಲೂ ಒಂದು ಮಾತು ಕುಳಿತಿತ್ತು! "ಇದನ್ನ ಹೇಳಾಕ ಡಿಗ್ರಿ ಮುಗಸೂತನ ಕಾದಿಯೇನ ಲೇ? ಬಾ, ಎದುರಿಗಿ ಕುಂದರ."

"ಈ ಪೇಟಿಗಿ ನಾ ಯಾಕ ಬೇಕ? ನಿನ್ನ ಒಂದ ಕೈ ಸಾಕಲ್ಲ."

"ಪೇಟಿಗಿ ಬ್ಯಾಡ. ಪೇಟಿನ್ನ ಕೇಳಿ ಕರದೇನೇನ ನಿನ್ನ?"

ಕುಳಿತೆ. ಅವಳ ಹುಬ್ಬು ಮೇಲೆ ಹೋಯಿತು, ನನ್ನ ಕೈ ತಾನಾಗಿಯೇ ಜೋರಾಯಿತು. ಅದೇ ಹಳೆಯ ಪ್ರಾರ್ಥನೆ. ನಾನು ಕೈ ಬಿಟ್ಟಿದ್ದ ಸಾಲು ಹತ್ತಿರ ಬಂದಾಗ ಅವಳು ಬೇಕೆಂದೇ ನಿಧಾನ ಮಾಡಿ, ಕಣ್ಣೆತ್ತಿ, ತುಟಿಯಲ್ಲೇ ನಗುತ್ತಾ ನನ್ನನ್ನು ನೋಡಿದಳು.

ಆ ಸಾಲು ದಾಟಿತು. ಹಾಡೂ ಮುಗಿಯಿತು. ಅವಳು ಬೆರಳೆತ್ತಿ ಕೈಕಟ್ಟಿ ಕುಳಿತಿದ್ದಳು, ನಾನು ಇನ್ನೂ ಗಾಳಿ ಹಾಕುತ್ತಲೇ ಇದ್ದೆ.