ಗೋಡೆಯ ಮೇಲೆ ರೇಣುಕಾ

ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯ ಮೇಲೆ ಒಂದು ಬೆಳಿಗ್ಗೆ ಕೆಂಪು ಸ್ಪ್ರೇಯಲ್ಲಿ 'ರೇಣುಕಾ' ಎಂದು ಬರೆದಿತ್ತು. ಪಕ್ಕದಲ್ಲಿ ಒಂದು ಸೊಟ್ಟ ಹೃದಯ.

ಮರಾಠಿ ಸೀಮೆಯ ಈ ಊರಿನಲ್ಲಿ ಸಾತಪುರದ ಫ್ಯಾಕ್ಟರಿಗಳಿಗೆ ಹೋಗುವ ರಸ್ತೆ ಅದು. ಶಿಫ್ಟ್ ಬದಲಾಗುವ ಹೊತ್ತಿಗೆ ಬೈಕುಗಳ ಪ್ರವಾಹವೇ ಹರಿಯುತ್ತದೆ. ಅಷ್ಟು ಜನರೂ ಓದಿದರು.

ಸೆಕ್ರೆಟರಿ ಕಾಕಾ ಕೆಂಡಾಮಂಡಲವಾದರು. (ಅವರಿಗೆ ಗೋಡೆ ಮಗಳಿದ್ದ ಹಾಗೆ.) ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆಯೋ ಚರ್ಚೆ. ಕ್ಯಾಮೆರಾ ಹಾಕಿಸೋಣ ಎಂದರು ಒಬ್ಬರು. ದೇವರ ಟೈಲ್ಸ್ ಅಂಟಿಸೋಣ ಎಂದರು ಇನ್ನೊಬ್ಬರು. ನಾನೂ ಬಿಡದೆ, ಬೇಗ ಬಣ್ಣ ಬಳಿಸಿ ಎಂದು ಬುದ್ಧಿ ಹೇಳಿದೆ. ಬಳಿಸಿದರು. ಹಳದಿ ಗೋಡೆಯ ಮೇಲೆ ಹೆಸರಿದ್ದಷ್ಟೇ ಜಾಗಕ್ಕೆ ಬಿಳಿ ಚೌಕ! ಓದದವರೂ ಈಗ ನಿಂತು ಕೇಳತೊಡಗಿದರು: ಇಲ್ಲಿ ಏನಿತ್ತು?

ಎರಡು ದಿನ ಕಳೆಯುವುದರೊಳಗೆ ಆ ಬಿಳಿಯ ಮೇಲೆ ಮತ್ತೆ 'ರೇಣುಕಾ'. ಈ ಸಲ ಇನ್ನೂ ದೊಡ್ಡದಾಗಿ. ಬರೆಯಲು ಒಳ್ಳೆಯ ಹಲಗೆಯನ್ನು ನಾವೇ ತಯಾರಿಸಿ ಕೊಟ್ಟಿದ್ದೆವಲ್ಲ?

ಗೋಡೆ ಗಲೀಜಾಯಿತು ಎಂದೇ ನಾವೆಲ್ಲ ಕೊರಗುತ್ತಿದ್ದೆವು. ಆ ಹೆಸರಿನ ಹುಡುಗಿ ಏನಾದಳು ಎಂದು ಒಬ್ಬರಾದರೂ ಕೇಳಿದೆವಾ?

ರೇಣುಕಾ ನಮಗೆ ಗೊತ್ತಿಲ್ಲದವಳಲ್ಲ. ನಮ್ಮ ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಕಾಶವ್ವನ ಮಗಳು, ಡಿಪ್ಲೊಮಾ ಕೊನೆಯ ವರ್ಷ. ಅಪ್ಪ ಮಲ್ಲಪ್ಪ ಗೋಡೆ ಕಟ್ಟುವ ಗೌಂಡಿ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ನಮ್ಮ ಹಿಂಬದಿಯ ಸೈಟಿನ ಶೆಡ್ಡಿನಲ್ಲಿ ವಾಸ. ಈ ಕಾಂಪೌಂಡಿಗೆ ಸಿಮೆಂಟ್ ಗಿಲಾವು ಮಾಡಿದವನೂ ಮಲ್ಲಪ್ಪನೇ.

ಮೊನ್ನೆ ನಮ್ಮ ಸೊಸೈಟಿಯಲ್ಲಿ ಸಂಕ್ರಾಂತಿಯ ಅರಿಶಿನ-ಕುಂಕುಮ. ಕರೆಯಲು ಹೋದರೆ ಕಾಶವ್ವ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು.

"ರವಿವಾರ ಆಕಿನ್ನ ಊರಿಗೆ ಕಳಸ್ತೇವ್ರಿ ಅಕ್ಕಾರ. ಕಾಲೇಜ್ ಸಾಕಂತಾರ್ರಿ ಅವರಪ್ಪ."

"ಆಕೆ ಏನು ತಪ್ಪು ಮಾಡಿದಳು ಕಾಶವ್ವಾ?"

"ತಪ್ಪ್ ಮಾಡಿಲ್ರಿ. ಆದ್ರ ಹೆಸರು ಆಕೀದೇ ಐತಲ್ರಿ."

ಬರೆದವನು ಯಾರೋ, ಎಲ್ಲೋ ಆರಾಮಾಗಿ ಚಹಾ ಕುಡಿಯುತ್ತಿರಬೇಕು. ಊರು ಬಿಡಬೇಕಾದವಳು ಇವಳು. ತಾಯಿ-ಮಗಳು ಇಬ್ಬರನ್ನೂ ಒತ್ತಾಯದಿಂದ ಕರೆದುಕೊಂಡು ಬಂದೆ.

ನಿಮಗೆ ಗೊತ್ತಿರಬಹುದು, ಇಲ್ಲಿನ ಅರಿಶಿನ-ಕುಂಕುಮದಲ್ಲಿ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳಬೇಕು. ಮರಾಠಿಯಲ್ಲಿ ಉಖಾಣೆ, ನಮ್ಮಲ್ಲಿ ಒಡಪು. ಒಬ್ಬೊಬ್ಬರೂ ನಾಚಿ, ನಕ್ಕು ಹೇಳುತ್ತಿದ್ದಾಗ ನಾನು ಎದುರುಮನೆಯ ಸುಶೀಲಾ ತಾಯಿಯ (ಇಲ್ಲಿ 'ತಾಯಿ' ಎಂದರೆ ಅಕ್ಕ) ಕಿವಿಯಲ್ಲಿ ವಿಷಯ ಉಸುರಿದೆ. ನಿವೃತ್ತ ಟೀಚರ್. ಅವರ ಗಂಟಲಿಗೆ ಮೈಕ್ ಬೇಕಿಲ್ಲ.

"ಸಾಕು ಗಂಡಂದಿರ ಹೆಸರು! ಇವತ್ತು ನಮ್ಮ ನಮ್ಮ ಹೆಸರು. ಬಾಯಲ್ಲಿ ಅಲ್ಲ, ಗೋಡೆ ಮೇಲೆ. ರೇಣುಕಾ ಒಬ್ಬಳ ಹೆಸರು ಯಾಕೆ ಒಂಟಿಯಾಗಿರಬೇಕು?" ಎಂದರು ಮರಾಠಿಯಲ್ಲಿ.

ನಾನು ರೇಣುಕಾಳನ್ನೇ ಕೇಳಿದೆ. ನಿನಗೆ ಒಪ್ಪಿಗೆಯಾ?

ಅವಳು ಎದ್ದು ನಿಂತಳು. "ಚಾಲೇಲ್ ಅಕ್ಕಾ, ನಡೀತೈತಿ. ಆದ್ರ ನನ್ನ ಹೆಸರು ನಾನ ಬರೀತೀನಿ."

ಆಹಾ ಹುಡುಗಿ!

ಜರಿ ಸೀರೆ, ಮುಡಿದ ಗಜರಾ, ಕೈಯಲ್ಲಿ ಬ್ರಷ್, ಬಣ್ಣದ ಡಬ್ಬಿ. ಹೀಗೆ ಹೊರಟಿತು ನಮ್ಮ ದಂಡು. ಸೆಕ್ರೆಟರಿ ಕಾಕಾ ಓಡಿ ಬಂದರು, "ಅಹೋ, ಸೊಸೈಟಿ ಗೋಡೆ!" ಸುಶೀಲಾ ತಾಯಿ ತಿರುಗಿಯೂ ನೋಡದೆ, "ಬರೆದವನನ್ನು ಹಿಡಿದೆಯಾ? ಇಲ್ಲ ತಾನೇ? ಹಾಗಾದರೆ ಈ ಡಬ್ಬಿ ಹಿಡಿ" ಎಂದರು. ಕಾಕಾ ಹಿಡಿದರು. (ಪಾಪ, ಕೊನೆಯವರೆಗೂ ಹಿಡಿದೇ ಇದ್ದರು.)

ರೇಣುಕಾ ಆ ಕೆಂಪು ಅಕ್ಷರಗಳನ್ನೂ ಹೃದಯವನ್ನೂ ಪೂರ್ತಿ ಮುಚ್ಚಿ, ಅದೇ ಜಾಗದಲ್ಲಿ ನೀಲಿಯಲ್ಲಿ ತನ್ನ ಹೆಸರು ಬರೆದಳು. ಅದರ ಸುತ್ತ ಸುಶೀಲಾ, ಮಂಗಲ್, ಶಬಾನಾ, ಪ್ರತಿಭಾ... ನಾನು ಕನ್ನಡದಲ್ಲಿ ಬರೆದೆ. ಬ್ಯಾಂಕಿನ ಸಹಿಗೆಂದು ಕಲಿತಿದ್ದ ಕನ್ನಡ ಅಕ್ಷರಗಳನ್ನು ಕಾಶವ್ವ ಒಂದೊಂದೇ ನೆನಪಿಸಿಕೊಂಡು ಇಳಿಸಿದಳು. ನಗು ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಶಿಫ್ಟ್ ಬಿಟ್ಟಿತು. ಬೈಕುಗಳು ನಿಧಾನವಾದವು. ಇಷ್ಟು ಹೆಸರುಗಳ ನಡುವೆ ಯಾವ ಹೆಸರನ್ನು ಹಿಡಿದು ಗೇಲಿ ಮಾಡುವುದು? ನೋಡಿದರು, ಹೋದರು.

ಇಷ್ಟು ವರ್ಷ ಈ ಹೆಂಗಸರ ಜೊತೆ ಎಳ್ಳುಂಡೆ ತಿಂದಿದ್ದೇನೆ, ಹರಟೆ ಹೊಡೆದಿದ್ದೇನೆ. ಇವರು ಇಷ್ಟು ಗಟ್ಟಿಗರು ಎಂದು ಗೊತ್ತಿರಲಿಲ್ಲ. ಇವರ ನೆರೆಯವಳು ನಾನು ಎಂದು ಆ ಸಂಜೆ ನಿಜಕ್ಕೂ ಹೆಮ್ಮೆಯಾಯಿತು.

ಸೋಮವಾರ ರೇಣುಕಾ ಎಂದಿನಂತೆ ಬ್ಯಾಗ್ ಹಾಕಿಕೊಂಡು ಕಾಲೇಜಿಗೆ ಹೋದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಆತಂಕ ಬೇಡ. ಆದರೆ ಗೋಡೆಗೆ ಬರೆದ ಆ ಸಂಜೆ ಮಲ್ಲಪ್ಪ ಕೆಲಸ ಮುಗಿಸಿ ಬಂದಾಗ ನಮಗೆಲ್ಲ ಏನೆನ್ನುತ್ತಾನೋ ಎಂಬ ಅಂಜಿಕೆ. ಸಿಮೆಂಟ್ ಮೆತ್ತಿದ ಕಾಲಲ್ಲೇ ಗೋಡೆಯ ಉದ್ದಕ್ಕೂ ನಡೆದ. ಅವನಿಗೆ ಓದಲು ಬರುವುದು ಕನ್ನಡ ಮಾತ್ರ. ಕಾಶವ್ವನ ಹೆಸರಿನ ಮುಂದೆ ನಿಂತುಬಿಟ್ಟ.

"ಇದು ನಿಂದೇನ?" ಎಂದು ಹೆಂಡತಿಯನ್ನು ಕೇಳಿದ.

"ಹೂಂನ್ರಿ. ನಾನ ಬರದೀನಿ."

ಮಲ್ಲಪ್ಪ ಅವಳನ್ನು ನೋಡಿದ. ಮಗಳನ್ನು ನೋಡಿದ. ಬ್ರಷ್ ಹಿಡಿದು ನಿಂತಿದ್ದ ನಮ್ಮನ್ನೆಲ್ಲ ನೋಡಿದ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು ನಕ್ಕೇಬಿಟ್ಟ.

"ಹಂಗಾರ ಯಾರ್ಯಾರನ್ನ ಊರಿಗೆ ಕಳಸ್ಲಿ ನಾ?"