ನಾನು ಬಾರಿಸದ ಗಿಟಾರ್

ಊರಿನಿಂದ ಬಂದ ನೆಂಟರು ಭೂತ, ಪ್ರೇತ ಎಂದು ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಕಣ್ಣಿನ ಭ್ರಮೆಗೆ ಕತೆ ಕಟ್ಟುತ್ತಾರೆ ಎಂಬುದು ನನ್ನ ವಾದ. ಈಗ ಹಾಗೆ ವಾದಿಸುವ ಧೈರ್ಯವಿಲ್ಲ. ನಂಬಿ ಎಂದು ನಿಮ್ಮನ್ನೂ ಒತ್ತಾಯಿಸುವುದಿಲ್ಲ.

ಎಂಬತ್ತರ ದಶಕದ ಮಾತು. ನಾವಿದ್ದದ್ದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮೂವರು ಸೇರಿ ಒಂದು ಹೆವಿ ಮೆಟಲ್ ಬ್ಯಾಂಡ್ ಕಟ್ಟಿದ್ದೆವು. ಹಾಡುವವನು ಠಾಣೆ ನಗರದ ಸುಧೀರ್. ಬೇಸ್ ಗಿಟಾರೂ ಅವನದೇ. ಡ್ರಮ್ಸ್ ಧಾರವಾಡದ ಕಡೆಯ ಗುರುನಾಥನದು. ಗಿಟಾರ್ ನನ್ನದು, ಟ್ಯೂನ್ ಕಟ್ಟುವ ಹೊಣೆಯೂ ನನ್ನದೇ. ನಮ್ಮ ಗದ್ದಲಕ್ಕೆ ಹೌಸಿಂಗ್ ಸೊಸೈಟಿಯವರು ಬೈಯುತ್ತಿದ್ದುದರಿಂದ, ಭಾನುವಾರ ದೂರದ ರಬಾಳೆಯ ಕೈಗಾರಿಕಾ ಪ್ರದೇಶದಲ್ಲಿ ಸುಧೀರನ ಮಾವನ ವರ್ಕ್‌ಶಾಪಿನಲ್ಲಿ ಅಭ್ಯಾಸ ಮಾಡುತ್ತಿದ್ದೆವು.

ಒಂದು ಹಾಡು ಎರಡು ತಿಂಗಳಿಂದ ನಡುವೆಯೇ ನಿಂತಿತ್ತು. ಮೊದಲರ್ಧ ಚೆನ್ನಾಗಿತ್ತು, ಮುಂದಕ್ಕೆ ದಾರಿ ಸಿಗುತ್ತಿರಲಿಲ್ಲ. ಬೆರಳು ಸುಲಿದರೂ ಅದೇ ಹಳೆಯ ಸ್ವರಗಳು. ಆ ಭಾನುವಾರ ಮಧ್ಯಾಹ್ನ ಸುಧೀರನ ತಾಳ್ಮೆ ಮುಗಿಯಿತು.

"ಛೋಡ್ ಯಾರ್, ತೇರೇ ಸೇ ನಹೀ ಹೋಗಾ. ಗಣಪತಿ ಮೇ ಫಿಲ್ಮಿ ಗಾನಾ ಬಜಾತೇ ಹೈ," ಎಂದ. ಗಣೇಶೋತ್ಸವಕ್ಕೆ ಸಿನಿಮಾ ಹಾಡು ಬಾರಿಸಿದರೆ ಸಾಕಂತೆ.

ನನ್ನಿಂದಾಗದು ಎಂದು ನನಗೇ ಅನಿಸತೊಡಗಿತ್ತು. ಅದನ್ನು ಅವನ ಬಾಯಲ್ಲಿ ಕೇಳಿ ಮೈ ಉರಿಯಿತು. ಗಿಟಾರನ್ನು ಚೀಲಕ್ಕೆ ತುರುಕಿ ಹೊರಬಿದ್ದೆ. ಬಸ್ಸಿನಲ್ಲಿ ಠಾಣೆ, ಅಲ್ಲಿಂದ ಲೋಕಲ್ ರೈಲು. ಮೂರಕ್ಕೆ ಮನೆ ಮುಟ್ಟಿ, ಅಮ್ಮ ಬಡಿಸಿದ್ದನ್ನು ಉಂಡು ಮಲಗಿದೆ.

ಮರುದಿನ ಸಂಜೆ ಗುರುನಾಥ ಒಂದು ಕ್ಯಾಸೆಟ್ ಹಿಡಿದು ಮನೆಗೆ ಬಂದ. ಮುಖ ಅರಳಿತ್ತು.

"ಸಿಟ್ಟು ಮಾಡಿಕೊಂಡು ಹೋದಾಂವ ತಿರುಗಿ ಬಂದಿ, ಒಂದ್ ಮಾತೂ ಆಡಲಿಲ್ಲ. ಆದ್ರ ಏನ್ ಬಾರಿಸಿದಿಯೋ! ಸುಧೀರ ಎಲ್ಲಾ ಟೇಪ್ ಮಾಡ್ಯಾನ."

"ಯಾವಾಗ?" ಎಂದೆ.

"ಮೂರೂವರಿಂದ ನಾಕರ ತನಕ. ಮರತಿಯೇನು?"

ಒಳಗಿನಿಂದ ಅಮ್ಮ ಬಂದರು. "ಎಂತ ಹೇಳ್ತೀಯಾ ಗುರು? ಇವ ಆ ಹೊತ್ತಿಗೆ ಇಲ್ಲೇ ಮಲಗಿದ್ದ. ಐದಕ್ಕೆ ನಾನೇ ಎಬ್ಬಿಸಿ ಚಾ ಕೊಟ್ಟದ್ದು."

ಗುರುನಾಥ ನಕ್ಕ. ಅಮ್ಮ ಬೇರಾವುದೋ ಭಾನುವಾರದ ಮಾತು ಹೇಳುತ್ತಿದ್ದಾರೆ ಎಂದುಕೊಂಡಿರಬೇಕು. ನಾನು ಕ್ಯಾಸೆಟ್ ಹಾಕಿದೆ. ಮೊದಲರ್ಧ ನನ್ನದೇ, ತಂತಿಯ ಮೇಲೆ ನನ್ನ ಕೈಯ ಎಳೆತ, ನಾನು ಸದಾ ಮಾಡುವ ಸಣ್ಣ ತಪ್ಪು ಸಹಿತ. ಆಮೇಲೆ ಗಿಟಾರ್ ಒಂದು ಕ್ಷಣ ತಡೆದು, ನಾನೆಂದೂ ಯೋಚಿಸಿರದ ಕಡೆಗೆ ತಿರುಗಿ, ಹಾಡನ್ನು ಕೊನೆ ಮುಟ್ಟಿಸಿತು. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ.

ಆ ಟೇಪ್ ಕೇಳಿ ಕೇಳಿ ಅದನ್ನು ಕಲಿತೆ. ಅದು ನಾನು ಬಾರಿಸಿದ್ದಲ್ಲ ಎಂದು ಆಗ ಹೇಳಲು ಬಾಯಿ ಬರಲಿಲ್ಲ. ಕಾಲೇಜು ಕಾರ್ಯಕ್ರಮಗಳಲ್ಲಿ ನಮಗೆ ಬಂದ ಅಷ್ಟಿಷ್ಟು ಹೆಸರು ಆ ಒಂದು ಹಾಡಿನದು. ಸುಧೀರ್ ಪ್ರತಿ ಸಲ ನನ್ನ ಹೆಗಲ ಮೇಲೆ ಕೈಯಿಟ್ಟು, ಇದು ಇವನ ರಚನೆ ಎಂದು ಸಾರುತ್ತಿದ್ದ. ಅಂಥದ್ದೇ ಇನ್ನೊಂದನ್ನು ಕಟ್ಟಲು ವರ್ಷಗಟ್ಟಲೆ ಹೆಣಗಿದೆ, ಆಗಲಿಲ್ಲ. ಬ್ಯಾಂಡ್ ಒಡೆಯಿತು. ನಾನು ಕೆಮಿಕಲ್ ಕಂಪನಿಯೊಂದರಲ್ಲಿ ಗುಮಾಸ್ತನಾದೆ.

ಎಷ್ಟೋ ವರ್ಷಗಳ ಮೇಲೆ ನಿಜ ಹೇಳಿದರೂ ಗುರುನಾಥ ಈಗಲೂ ಆಣೆ ಮಾಡುತ್ತಾನೆ: "ನೀನ ಇದ್ದಿ. ನಿನ್ನ ಬೆವರು ನನ್ನ ಡ್ರಮ್ಮಿನ ಮ್ಯಾಲ ಬಿದ್ದಿತ್ತು." ಅಮ್ಮ ಕೊನೆಯವರೆಗೂ ತಮ್ಮ ಮಾತು ಬದಲಿಸಲಿಲ್ಲ. ಇಬ್ಬರೂ ಸುಳ್ಳು ಹೇಳುವವರಲ್ಲ.

ಯಾರಾದರೂ ಇಂದಿಗೂ ಆ ಹಾಡನ್ನು ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.